ಪರಿಶೀಲಕರು ಏನೆಂದರು?

2013ರ ಬೇಸಿಗೆ ರಜೆಯಲ್ಲಿ ನಾನೊಂದು ಲೇಖನವನ್ನು ದುಡ್ಡು ಕೊಟ್ಟು ಅಚ್ಚು ಹಾಕಿಸಿದೆ. ನಮ್ಮ ತಾಲ್ಲೂಕಿನ ಕೆರೆ ಏರಿಗಳ ಮೇಲೆ, ತೂಬಿನ ಪಕ್ಕದಲ್ಲಿ ನಿಂತಿರುವ ಶಾಸನಗಳ ಬಗ್ಗೆ ಹನ್ನೊಂದು ಪುಟ. ಗುರುವಾರ ರಾತ್ರಿ ಊಟ ಮುಗಿಸಿ ಮೇಲ್ ಮಾಡಿದ್ದೆ. ಶನಿವಾರ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಉತ್ತರ ಬಂದಿತ್ತು. ಇಬ್ಬರು ತಜ್ಞರು ಓದಿ, ಮೆಚ್ಚಿ, ಒಪ್ಪಿದ್ದಾರಂತೆ. ಅದರ ಕೆಳಗೇ ಬ್ಯಾಂಕ್ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್. 3,500 ರೂಪಾಯಿ, ಪ್ರಮಾಣಪತ್ರ ಬೇಕಿದ್ದರೆ ಮೇಲೆ 300. ಸೋಮವಾರ ಚಲನ್ ತುಂಬಿ, ಸಾಲಿನಲ್ಲಿ ನಿಂತು ಕಟ್ಟಿ ಬಂದೆ. ಪತ್ರಿಕೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇತ್ತು, ‘ಮಲ್ಟಿಡಿಸಿಪ್ಲಿನರಿ’ಯೂ ಇತ್ತು. ಆ ಸಂಚಿಕೆಯಲ್ಲಿ ನನ್ನ ಶಾಸನಗಳ ಪಕ್ಕ ಕೋಳಿ ಆಹಾರ, ಅದರ ಪಕ್ಕ ವೈಫೈ ಸುರಕ್ಷತೆ, ಆಮೇಲೆ ಸ್ವಸಹಾಯ ಸಂಘಗಳು. ಮದುವೆ ಪಂಕ್ತಿಯಲ್ಲಿ ಪರಸ್ಪರ ಗುರುತಿಲ್ಲದವರು ಎಲೆಗೆ ಕೂತ ಹಾಗೆ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗುರುವಾರ ರಾತ್ರಿಗೂ ಶನಿವಾರ ಬೆಳಿಗ್ಗೆಗೂ ನಡುವೆ ಇಬ್ಬರು ಶಾಸನತಜ್ಞರು ಹನ್ನೊಂದು ಪುಟ ಓದಿ ಅಭಿಪ್ರಾಯ ಬರೆಯುವಷ್ಟು ಬಿಡುವು ಯಾವ ದೇಶದಲ್ಲೂ ಇಲ್ಲ. ಆದರೆ ಆ ವರ್ಷ ನನ್ನ ಪ್ಲೇಸ್‌ಮೆಂಟ್ ಇತ್ತು. ಆ ಬಡ್ತಿಗೆ ಬೇಕಾದ ಎಪಿಐ ಅಂಕ ಕೂಡಿಸಿದರೆ ಸ್ವಲ್ಪ ಕೊರತೆ ಬೀಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ಗೆಳೆಯರೊಬ್ಬರು, ‘ಐಎಸ್‌ಎಸ್‌ಎನ್ ಇದೆಯಲ್ಲ ಸರ್, ಸಾಕು ಬಿಡಿ’ ಎಂದರು. ಬಿಟ್ಟೆ.

ಇಂಥ ಪತ್ರಿಕೆಗಳಿಗೆ ಇಂಗ್ಲಿಷಿನಲ್ಲಿ ‘ಪ್ರಿಡೇಟರಿ’, ಅಂದರೆ ಬೇಟೆಯಾಡುವ, ಎಂಬ ಹೆಸರಿದೆ. 2010ರ ಹೊತ್ತಿಗೆ ಅದನ್ನು ಚಾಲ್ತಿಗೆ ತಂದವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಡೆನ್ವರ್ ಕ್ಯಾಂಪಸ್ಸಿನ ಗ್ರಂಥಪಾಲಕ ಜೆಫ್ರಿ ಬೀಲ್. ಅನುಮಾನ ಬಂದ ಪ್ರಕಾಶಕರ ಪಟ್ಟಿಯೊಂದನ್ನು ಅವರು ವರ್ಷಗಟ್ಟಲೆ ಇಟ್ಟುಕೊಂಡು ಬಂದರು. 2017ರ ಜನವರಿಯಲ್ಲಿ ಅದನ್ನು ತೆಗೆದರು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ, ಅವರ ಪದದ ಬಗ್ಗೆ ತಕರಾರಿದೆ. ಬೇಟೆ ಎಂದ ಮೇಲೆ ಪ್ರಾಣ ಉಳಿಸಿಕೊಳ್ಳಲು ಓಡುವ ಜಿಂಕೆಯೊಂದು ಇರಬೇಕು. ನಾವು ಓಡಿದ್ದು ಹುಲಿಯ ಗುಹೆಯ ಕಡೆಗೇ, ಕೈಯಲ್ಲಿ ಚಲನ್ ಹಿಡಿದುಕೊಂಡು. ಮೋಸಹೋದವರು ಇಲ್ಲವೆಂದಲ್ಲ. ಮೊದಲ ಲೇಖನ ಬರೆದ ಸಂಭ್ರಮದಲ್ಲಿ, ಗೈಡ್ ಹೇಳಿದ್ದೇ ವೇದವಾಕ್ಯ ಎಂದು ನಂಬಿ ದುಡ್ಡು ಕಳೆದುಕೊಂಡ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ನನ್ನ ದೂರು ನನ್ನ ವಯಸ್ಸಿನವರ ಮೇಲೆ. ಗೊತ್ತಿದ್ದೂ ಕಟ್ಟಿದವರ ಮೇಲೆ, ಕಟ್ಟಿಸಿದವರ ಮೇಲೆ, ಎಣಿಸಿ ಅಂಕ ಕೊಟ್ಟವರ ಮೇಲೆ.

ನಾನು ಚಲನ್ ತುಂಬುತ್ತಿದ್ದ ಅದೇ ತಿಂಗಳುಗಳಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಒಂದು ಸುಳ್ಳು ಲೇಖನ ಹೆಣೆದು ಲೋಕದ ಪತ್ರಿಕೆಗಳಿಗೆಲ್ಲ ಕಳಿಸುತ್ತಿದ್ದ. ಕಲ್ಲುಹೂವಿನಿಂದ, ಹೌದು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಕುಲದ್ದೇ ಒಂದರಿಂದ, ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಅದರ ಸಾರ. ಲೇಖಕನೂ ಇಲ್ಲ, ಆತ ದುಡಿಯುವ ಸಂಸ್ಥೆಯೂ ಇಲ್ಲ, ಎರಡೂ ಕಟ್ಟುಕತೆ. ತಪ್ಪುಗಳನ್ನು ಬೇಕೆಂದೇ ಎದ್ದು ಕಾಣುವಂತೆ ಇಟ್ಟಿದ್ದ. ಔಷಧದ ಪ್ರಮಾಣ ಏರಿದಂತೆ ಪರಿಣಾಮವೂ ಏರುತ್ತದೆ ಎಂದು ಬರೆದು, ಹಾಗೆ ತೋರಿಸದ ನಕ್ಷೆಯನ್ನೇ ಪಕ್ಕದಲ್ಲಿ ಹಾಕಿದ್ದ. 304 ಪತ್ರಿಕೆಗಳಿಗೆ ಹೋಯಿತು; 157 ಒಪ್ಪಿಕೊಂಡವು, 98 ತಿರಸ್ಕರಿಸಿದವು. ಆ ವರ್ಷದ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಬಂತು. ಆತ ಲೇಖನ ಕಳಿಸಿದ ಪತ್ರಿಕೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದವು. ಅವುಗಳಲ್ಲಿ ಒಪ್ಪಿದವು 64, ಬೇಡವೆಂದವು 15. ಆ ಸಾಲನ್ನು ಓದಿದಾಗ ನನ್ನ ಮೂರೂವರೆ ಸಾವಿರದ ರಸೀದಿ ಇನ್ನೂ ಬೀರುವಿನ ಫೈಲಿನಲ್ಲಿತ್ತು.

ಇನ್ನೊಂದು ಪ್ರಸಂಗ ನಗು ಬರಿಸುವಂಥದ್ದು. ಪೋಲೆಂಡಿನ ಸಂಶೋಧಕರು ಅನ್ನಾ ಓ. ಶುಸ್ಟ್ ಎಂಬ ಇಲ್ಲದ ಹೆಂಗಸಿನ ಹೆಸರಿನಲ್ಲಿ ಒಂದು ಬಯೋಡೇಟಾ ಮಾಡಿ, ‘ನನ್ನನ್ನು ಸಂಪಾದಕಿಯಾಗಿ ತೆಗೆದುಕೊಳ್ಳಿ’ ಎಂದು 360 ಪತ್ರಿಕೆಗಳಿಗೆ ಬರೆದರು. ಆಕೆ ಒಂದು ಲೇಖನವನ್ನೂ ಪ್ರಕಟಿಸಿದವಳಲ್ಲ, ಸಂಪಾದನೆಯ ಅನುಭವವೂ ಇಲ್ಲ. ‘ಓಶುಸ್ಟ್’ ಎಂದರೆ ಪೋಲಿಷ್ ಭಾಷೆಯಲ್ಲಿ ವಂಚಕ. 48 ಪತ್ರಿಕೆಗಳು ‘ಬನ್ನಿ ತಾಯಿ’ ಎಂದವು, ನಾಲ್ಕು ಪ್ರಧಾನ ಸಂಪಾದಕಿಯ ಪಟ್ಟವನ್ನೇ ಕಟ್ಟಿದವು. 2017ರಲ್ಲಿ ‘ನೇಚರ್’ ಇದನ್ನು ಪ್ರಕಟಿಸಿತು. ಒಪ್ಪಿದ 48ರಲ್ಲಿ 40 ಬೀಲ್ ಪಟ್ಟಿಯಲ್ಲಿದ್ದವು.

ಹಾಗಾದರೆ ಒಳ್ಳೆಯದನ್ನು ಗುರುತಿಸುವುದು ಹೇಗೆ ಎಂದು ಕಾರ್ಯಾಗಾರಗಳಲ್ಲಿ ಕೇಳುತ್ತಾರೆ, ಅದೇನೋ ದೊಡ್ಡ ವಿದ್ಯೆ ಎಂಬಂತೆ. ಸಂತೆಯಲ್ಲಿ ಬದನೆಕಾಯಿ ಆರಿಸಲು ಬರುವವರಿಗೆ ಇದು ಬಾರದೆ? ಮೊದಲು ಐಎಸ್‌ಎಸ್‌ಎನ್ ಎಂಬ ಭ್ರಮೆಯನ್ನು ಬಿಡಿ. ಪತ್ರಿಕೆಗೆ ಕೊಡುವ ಆ ಸಂಖ್ಯೆ ಬೈಕಿನ ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಯಾವುದೆಂದು ಹೇಳುತ್ತದೆ, ಸವಾರನಿಗೆ ಓಡಿಸಲು ಬರುತ್ತದೆಯೇ ಎಂದು ಹೇಳುವುದಿಲ್ಲ. ಪತ್ರಿಕೆ ನಡೆಸುವ ಯಾರು ಕೇಳಿದರೂ ಸಿಗುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಯೂಜೀನ್ ಗಾರ್ಫೀಲ್ಡ್ ರೂಪಿಸಿದ ಲೆಕ್ಕ: ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬುದು. ಅದನ್ನು ಈಗ ವರ್ಷಕ್ಕೊಮ್ಮೆ ಹೊರಡಿಸುವುದು ಕ್ಲಾರಿವೇಟ್ ಎಂಬ ಒಂದು ಸಂಸ್ಥೆ. ಆ ಲೆಕ್ಕವೇ ಗುಣಕ್ಕೆ ಕುರುಡು ಎಂಬ ವಾದ ಬೇರೆ ಇದೆ, ಇರಲಿ. ದುಡ್ಡಿನ ಪತ್ರಿಕೆಗಳ ಮುಖಪುಟದಲ್ಲಿ ಮಿಂಚುವ ‘ಗ್ಲೋಬಲ್’, ‘ಯೂನಿವರ್ಸಲ್’ ಇಂಪ್ಯಾಕ್ಟ್ ಫ್ಯಾಕ್ಟರುಗಳಿಗೂ ಅದಕ್ಕೂ ಸಂಬಂಧವಿಲ್ಲ. ಅವು ವರ್ಷವರ್ಷವೂ ಏರುತ್ತವೆ, ಒಂದು ವರ್ಷವೂ ಇಳಿಯುವುದಿಲ್ಲ. ತೊಗರಿಬೇಳೆಯ ಬೆಲೆಗೂ ಅಷ್ಟು ನಿಯತ್ತಿಲ್ಲ.

ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಫೋನ್ ಮಾಡಿ ನೋಡಿ. ‘ನನ್ನ ಹೆಸರೇ? ಯಾವ ಪತ್ರಿಕೆ?’ ಎಂದು ಕೇಳಿದರೆ ಕೆಲಸ ಮುಗಿಯಿತು. ಹಳೆಯ ಸಂಚಿಕೆಯೊಂದನ್ನು ತೆರೆದು ನಿಮ್ಮದೇ ವಿಷಯದ ಒಂದು ಲೇಖನವನ್ನು ಪೂರ್ತಿ ಓದಿ. ಅದರ ಮೇಲೆ ನಿಮ್ಮ ಹೆಸರಿದ್ದರೆ ನಾಚಿಕೆಯಾಗುತ್ತಿತ್ತೇ ಎಂದು ಕೇಳಿಕೊಳ್ಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಾಣೆ. ವಿಳಾಸವನ್ನೂ ನೋಡಿ. ಒಳ್ಳೆಯ ಪತ್ರಿಕೆಗಳ ವೇಷ ಹಾಕುವವರಿದ್ದಾರೆ. ಆಸ್ಟ್ರಿಯಾದ ಸಸ್ಯವಿಜ್ಞಾನದ ‘ವುಲ್ಫೆನಿಯಾ’, ಐಸ್‌ಲ್ಯಾಂಡಿನಲ್ಲಿ ಹಿಮನದಿಗಳ ಬಗ್ಗೆ ಬರುವ ‘ಯೋಕುಲ್’ ಎಂಬ ಪತ್ರಿಕೆಗಳ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು, ಬೇರೆ ತಾಣ ತೆರೆದು, ಕಂಡ ಕಂಡ ವಿಷಯಕ್ಕೆಲ್ಲ ದುಡ್ಡು ವಸೂಲು ಮಾಡಿದರು.

ಶುಲ್ಕ ಕೇಳುವುದೇ ಪಾಪ ಎಂದು ಮಾತ್ರ ತಿಳಿಯಬೇಡಿ. ಓದುಗರಿಗೆ ಪುಕ್ಕಟೆ ತೆರೆದಿಡುವ ಪ್ರಾಮಾಣಿಕ ಪತ್ರಿಕೆಗಳು ಕೆಲವೊಮ್ಮೆ ಲೇಖಕರಿಂದ ಹಣ ಪಡೆಯುತ್ತವೆ, ಪಡೆಯುವುದನ್ನು ಮೊದಲೇ ಹೇಳುತ್ತವೆ, ಹಣ ಬರುತ್ತದೆಂದು ಲೇಖನವನ್ನು ಒಪ್ಪುವುದಿಲ್ಲ. ಹಾಗೆಯೇ ದೊಡ್ಡ ಹೆಸರಿದ್ದ ಮಾತ್ರಕ್ಕೆ ಕೈಮುಗಿಯಬೇಡಿ. ಎರಡು ಶತಮಾನ ಹಳೆಯ ವೈಲಿ ಪ್ರಕಾಶನದ ಕೈಗೆ ಬಂದಿದ್ದ ಹಿಂದಾವಿ ಪತ್ರಿಕೆಗಳು 2023ರ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡವು. ಬಾಡಿಗೆಗೆ ಲೇಖನ ಬರೆದುಕೊಡುವ ಕಾರ್ಖಾನೆಗಳು ಅಲ್ಲಿಗೂ ನುಗ್ಗಿದ್ದವು. ಇನ್ನು ಬಡತನವನ್ನು ವಂಚನೆ ಎಂದು ಓದುವ ತಪ್ಪನ್ನಂತೂ ಮಾಡಲೇಬೇಡಿ. ತಡವಾಗಿ ಬರುವ, ಜಾಲತಾಣವೇ ಇಲ್ಲದ, ಅಚ್ಚಿನ ಮೊಳೆ ಸರಿಯಿಲ್ಲದ ಕನ್ನಡದ ಸಂಶೋಧನಾ ಪತ್ರಿಕೆಯ ಹಿಂದೆ ನಿದ್ದೆಗೆಟ್ಟು ಕರಡು ತಿದ್ದುವ ಒಬ್ಬ ಸಂಪಾದಕ ಇರುತ್ತಾನೆ. ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಶುರುಮಾಡಿದಾಗ ಯಾವ ಇಂಡೆಕ್ಸಿಂಗ್ ಇತ್ತು? ವಿದ್ವತ್ತಿನ ಬಗ್ಗೆ ಭಯಭಕ್ತಿ ಇತ್ತು, ಅಷ್ಟೆ. ಬೆಂಗಳೂರಿನಲ್ಲೇ 1932ರಿಂದ ‘ಕರೆಂಟ್ ಸೈನ್ಸ್’ ಬರುತ್ತಿದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ಇದೇ ಊರಲ್ಲಿದೆ. ಅದರ ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸಲು ಲೇಖಕ ದುಡ್ಡು ಕಟ್ಟಬೇಕಿಲ್ಲ. ಅಲ್ಲಿಗೆ ಬಿಎಂಟಿಸಿ ಬಸ್ಸಿನಲ್ಲಿ ಹೋಗಬಹುದಾದ ದೂರದಲ್ಲಿ ಕುಳಿತು ನಮ್ಮವರು ಎಲ್ಲಿಯದೋ ಖಾತೆಗೆ ಹಣ ಹಾಕುತ್ತಾರೆ. ಅಲ್ಲಿ ಕಷ್ಟ, ಬೇಗ ಒಪ್ಪುವುದಿಲ್ಲ ಎನ್ನುತ್ತಾರೆ. ಒಪ್ಪದಿರುವುದೇ ಅವರು ನಮಗೆ ಮಾಡುವ ಉಪಕಾರ ಎಂದು ನನಗೆ ತಿಳಿದದ್ದು ತಡವಾಗಿ.

ತಿಳಿಯಬೇಕಾದದ್ದು ಬೇಗನೆ. ತೊಂಬತ್ತರ ದಶಕದಲ್ಲಿ ನನ್ನ ಮೊದಲ ಲೇಖನ ಒಂದು ಪತ್ರಿಕೆಯಿಂದ ನಾಲ್ಕು ತಿಂಗಳ ಮೇಲೆ ಹಿಂದಕ್ಕೆ ಬಂದಿತ್ತು, ಮೂರು ಪುಟದ ಕೈಬರಹದ ಟಿಪ್ಪಣಿಯೊಂದಿಗೆ. ಬರೆದವರ ಹೆಸರಿಲ್ಲ. ‘ಪಡಿಯಚ್ಚು ತೆಗೆದು ಓದಿದ್ದೀರೋ, ಫೋಟೋ ನೋಡಿ ಓದಿದ್ದೀರೋ?’ ಎಂಬುದು ಮೊದಲ ಸಾಲು. ಫೋಟೋ ನೋಡಿಯೇ ಓದಿದ್ದೆ. ‘ದತ್ತಿಯ ಭೂಮಿಯನ್ನು ಕೊಳಗದಲ್ಲಿ ಹೇಳಿದ್ದೀರಿ. ಕಲ್ಲಿನ ಮೇಲೆ ಖಂಡುಗ ಇರಬೇಕು, ಹೋಗಿ ನೋಡಿ. ಇಪ್ಪತ್ತು ಪಟ್ಟು ವ್ಯತ್ಯಾಸವಾಗುತ್ತದೆ.’ ಸಿಟ್ಟು ಬಂತು. ಒಂದು ವಾರ ಆ ಕಾಗದವನ್ನು ಮುಟ್ಟಲಿಲ್ಲ. ಆಮೇಲೆ ಬಸ್ಸು ಹತ್ತಿ ಹೋಗಿ, ಪಾಚಿ ಉಜ್ಜಿ, ಕಾಗದ ಒದ್ದೆ ಮಾಡಿ ಕಲ್ಲಿಗೆ ಹಚ್ಚಿ ಬಡಿದೆ. ಖಂಡುಗವೇ. ಪೀರ್ ರಿವ್ಯೂ ಎಂದರೆ ಇದು. ಮುಖ ನೋಡದ ಯಾರೋ ಒಬ್ಬರು, ಒಂದು ಕಾಸೂ ಪಡೆಯದೆ, ನಮ್ಮ ತಪ್ಪು ಊರಿಗೆ ತಿಳಿಯುವ ಮುಂಚೆ ನಮಗೆ ಮಾತ್ರ ಹೇಳುವುದು. ನಾವು 3,500 ಕೊಟ್ಟು ತಪ್ಪಿಸಿಕೊಳ್ಳುವುದು ಇದನ್ನೇ.

ಸರ್ಕಾರವನ್ನು ಬಯ್ಯಲು ಕಾರಣಗಳಿವೆ, ಬೇಗ ಬಯ್ದುಬಿಡುತ್ತೇನೆ. ಅಧ್ಯಾಪಕರ ಬಡ್ತಿಗೆ ಲೇಖನಗಳನ್ನು ಎಣಿಸಿ ಅಂಕ ಹಾಕುವ ಪದ್ಧತಿಯನ್ನು ಯುಜಿಸಿ 2010ರಲ್ಲಿ ತಂದಿತು. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಬೇಕೆಂಬ ಷರತ್ತು ಪಿಎಚ್‌ಡಿಯವರಿಗೆ ಇತ್ತು, 2022ರವರೆಗೂ. ಬೇಡಿಕೆ ಹುಟ್ಟಿದ ಕಡೆ ಅಂಗಡಿ ಹುಟ್ಟದೆ ಇರುತ್ತದೆಯೇ? 2017ರಲ್ಲಿ ‘ಅನುಮೋದಿತ ಪತ್ರಿಕೆಗಳ ಪಟ್ಟಿ’ ಬಂತು. ಅದರಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ ಪತ್ರಿಕೆಗಳಿಂದ ಮಾದರಿ ತೆಗೆದು ಭೂಷಣ್ ಪಟವರ್ಧನ್ ಮತ್ತು ಪುಣೆಯ ಸಂಗಡಿಗರು ಪರೀಕ್ಷಿಸಿದರು. ನೋಡಿದವುಗಳಲ್ಲಿ ಶೇ 88ರಷ್ಟು ಕಳಪೆ ಎಂದು ‘ಕರೆಂಟ್ ಸೈನ್ಸ್’ನಲ್ಲೇ 2018ರಲ್ಲಿ ಬರೆದರು. ಶಿಫಾರಸು ಮಾಡಿದವರು ಯಾರು ಎಂಬುದನ್ನು ಗಮನಿಸಿ. ನಾವೇ. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಅದರ ಬದಲಿಗೆ ‘ಕೇರ್’ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಇನ್ನು ಯಾವುದು ಒಳ್ಳೆಯದೆಂದು ನೀವು ನೀವೇ ನಿರ್ಧರಿಸಿಕೊಳ್ಳಿ ಎಂದರು.

ಇದನ್ನು ಕೇಳಿ ಗಾಬರಿಯಾದವರನ್ನು ಕಂಡಿದ್ದೇನೆ. ‘ಪಟ್ಟಿಯೇ ಇಲ್ಲದೆ ಹೇಗೆ ಸರ್?’ ಎಂದು ಒಬ್ಬ ವಿಭಾಗದ ಮುಖ್ಯಸ್ಥರು ಕೇಳಿದರು. ಮೂವತ್ತು ವರ್ಷ ಒಂದು ವಿಷಯ ಕಲಿಸಿದವರು, ಆ ವಿಷಯದ ಹನ್ನೆರಡು ಪುಟ ಓದಿ ಚೆನ್ನಾಗಿದೆಯೋ ಇಲ್ಲವೋ ಹೇಳಲು ದೆಹಲಿಯ ಪಟ್ಟಿ ಬೇಕು ಎಂದರೆ, ಆ ಮೂವತ್ತು ವರ್ಷ ನಾವು ಮಾಡಿದ್ದೇನು?

ಅದಕ್ಕೇ ಈಗ ನಿಮ್ಮನ್ನು ಕರೆಯುತ್ತಿದ್ದೇನೆ. ಆಯ್ಕೆ ಸಮಿತಿಯಲ್ಲಿ, ಬಡ್ತಿ ಸಮಿತಿಯಲ್ಲಿ ಕೂರುವ ಹಿರಿಯರೇ, ಇಪ್ಪತ್ತು ಲೇಖನಗಳ ಕಟ್ಟನ್ನು ಬದಿಗಿಡಿ. ‘ನಿಮ್ಮ ಒಳ್ಳೆಯ ಲೇಖನ ಯಾವುದು, ಒಂದೇ ಒಂದು ಕೊಡಿ’ ಎನ್ನಿ. ಕೊಟ್ಟದ್ದನ್ನು ಓದಿ. ಆಮೇಲೆ ಕೇಳಿ: ‘ಪರಿಶೀಲಕರು ಏನೆಂದರು? ಆ ಪತ್ರ ತೋರಿಸಿ.’ ನಿಜವಾದ ಪತ್ರಿಕೆಯಲ್ಲಿ ಬರೆದವರ ಬಳಿ ಆ ಪತ್ರ ಇದ್ದೇ ಇರುತ್ತದೆ, ಬೈಗುಳದ ಸಮೇತ. ಇಲ್ಲದವರ ಮುಖ ನೋಡಿದರೇ ನಿಮಗೆ ತಿಳಿಯುತ್ತದೆ. ಇಡೀ ವ್ಯಾಪಾರ ನಿಂತಿರುವುದು ನೀವು ಓದುವುದಿಲ್ಲ ಎಂಬ ನಂಬಿಕೆಯ ಮೇಲೆ.

ಗೈಡುಗಳೇ, ವಿದ್ಯಾರ್ಥಿಯ ಲೇಖನದ ಮೇಲೆ ನಿಮ್ಮ ಹೆಸರನ್ನೂ ಹಾಕಿಸಿಕೊಂಡು, ಶುಲ್ಕವನ್ನು ಮಾತ್ರ ಅವರ ಸ್ಕಾಲರ್‌ಶಿಪ್ಪಿನಿಂದ ಕಟ್ಟಿಸುವುದನ್ನು ಇವತ್ತೇ ನಿಲ್ಲಿಸಿ. 2019ರಿಂದ ಪಿಎಚ್‌ಡಿ ಕೋರ್ಸ್‌ವರ್ಕಿನಲ್ಲಿ ಸಂಶೋಧನಾ ನೈತಿಕತೆ ಎಂಬ ವಿಷಯ ಕಡ್ಡಾಯವಿದೆ. ಪ್ರಿಡೇಟರಿ ಪ್ರಕಾಶನ ಎಂದರೇನು ಎಂಬ ಪ್ರಶ್ನೆಗೆ ಮಕ್ಕಳು ಚೆಂದದ ಉತ್ತರ ಬರೆಯುತ್ತಾರೆ. ಮರುವಾರ ನೀವೇ ಅವರಿಗೆ ಅಂಥದೊಂದರ ವಾಟ್ಸ್ಆ್ಯಪ್ ನಂಬರ್ ಕೊಡುತ್ತೀರಿ.

ಪ್ರಾಂಶುಪಾಲರೇ, ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ಮುಂಚೆ ‘ಪ್ರತಿಯೊಬ್ಬರೂ ಎರಡೆರಡು ಪೇಪರ್’ ಎಂದು ಸುತ್ತೋಲೆ ಕಳಿಸುವಾಗ ನೀವು ಕೇಳುತ್ತಿರುವುದು ಸಂಶೋಧನೆಯನ್ನಲ್ಲ, ರಸೀದಿಯನ್ನು. ಅದು ನಿಮಗೂ ಗೊತ್ತು.

ಇಂಥ ಪತ್ರಿಕೆಗಳ ಸಂಪಾದಕ ಮಂಡಳಿಯಲ್ಲಿ ಹೆಸರಿರುವ ನನ್ನ ಗೆಳೆಯರೇ, ಹೆಸರು ತೆಗೆಯಿರಿ ಎಂದು ಎರಡು ಸಾಲು ಬರೆಯಿರಿ. ಹೈದರಾಬಾದಿನ ಓಮಿಕ್ಸ್ ಪ್ರಕಾಶನದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಮೊಕದ್ದಮೆ ಹೂಡಿದಾಗ ಹೊರಿಸಿದ ಆಪಾದನೆಗಳು ಇವು: ನಡೆಯದ ಪರಿಶೀಲನೆ ನಡೆದಿದೆ ಎಂದದ್ದು, ಶುಲ್ಕ ಮುಚ್ಚಿಟ್ಟದ್ದು, ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರು ಬಳಸಿದ್ದು. 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕಿ ಕಟ್ಟುವಂತೆ ಆದೇಶಿಸಿತು. ಅಲ್ಲಿ ಒಪ್ಪಿಗೆ ಇಲ್ಲದೆ ಹೆಸರು ಹಾಕಿದ್ದು ಅಪರಾಧ. ಇಲ್ಲಿ ಒಪ್ಪಿಗೆ ಕೊಟ್ಟು ಹಾಕಿಸಿಕೊಂಡು, ವಿಸಿಟಿಂಗ್ ಕಾರ್ಡಿನಲ್ಲೂ ಅಚ್ಚು ಹಾಕಿಸಿದ್ದೀರಿ.

ಅತಿಥಿ ಉಪನ್ಯಾಸಕರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಪ್ರತಿ ವರ್ಷ ಕೌನ್ಸೆಲಿಂಗಿಗೆ ಕಾಯುವವರಿಗೆ, ನಾಳೆಯ ಕೆಲಸ ಇದೆಯೋ ಇಲ್ಲವೋ ತಿಳಿಯದವರಿಗೆ, ‘ನಾಲ್ಕು ತಿಂಗಳು ಕಾದು ಬೈಸಿಕೊಳ್ಳಿ’ ಎಂದು ಪಿಂಚಣಿ ಬರುವ ನಾನು ಹೇಗೆ ಹೇಳಲಿ? ಒಂದು ಮಾತು ಮಾತ್ರ. ನಿಮ್ಮ ಒಳ್ಳೆಯ ಲೇಖನವನ್ನು ಇಂಥ ಪತ್ರಿಕೆಗಳಲ್ಲಿ ಹಾಕಿ ಕೊಲ್ಲಬೇಡಿ. ಒಮ್ಮೆ ಅಲ್ಲಿ ಬಂದದ್ದನ್ನು ಮತ್ತೆ ಬೇರೆಡೆ ಪ್ರಕಟಿಸಲಾಗುವುದಿಲ್ಲ. ಹಿಂದಕ್ಕೆ ಕೇಳಿದರೆ ಅದಕ್ಕೂ ಶುಲ್ಕ ಕೇಳುವವರಿದ್ದಾರೆ.

ನಾನು ಮಾಡಿದ್ದನ್ನೂ ಹೇಳಬೇಕು. ನನ್ನ ಬಯೋಡೇಟಾದಿಂದ ಆ ಲೇಖನವನ್ನು ಹೊಡೆದುಹಾಕಿದೆ. ನಿವೃತ್ತನಿಗೆ ಅದರಿಂದ ನಷ್ಟವೇನೂ ಇಲ್ಲ ಎಂದು ನೀವು ಹೇಳಬಹುದು, ಸರಿಯೇ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ.

ಎರಡು ವರ್ಷದ ಹಿಂದೆ ಒಂದು ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆಗೆ ಸಭಿಕನಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕೆರೆಗಳ ಬಗ್ಗೆಯೇ ಪ್ರಬಂಧ, ಹುಡುಗಿ ಚೆನ್ನಾಗಿ ಮಾತಾಡುತ್ತಿದ್ದಳು. ಒಂದು ಕೆರೆಯನ್ನು ಕಟ್ಟಿಸಿದ್ದು ಊರವರು ಹೇಳುವ ಹಾಗೆ ನಾಯಕನ ಮಗನಲ್ಲ, ನಾಯಕನೇ ಎಂದಳು. ಹೊರಗಿನಿಂದ ಬಂದ ಪರೀಕ್ಷಕರು ಆಧಾರ ಕೇಳಿದರು. ಆಕೆ ನನ್ನ ಆ ಹನ್ನೊಂದು ಪುಟದ ಲೇಖನವನ್ನೂ ನನ್ನ ಹೆಸರನ್ನೂ ಹೇಳಿ, ‘ಸರ್ ಇಲ್ಲೇ ಇದ್ದಾರೆ’ ಎಂದು ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿ ನೋಡಿದರು, ಒಬ್ಬಿಬ್ಬರು ನಮಸ್ಕಾರ ಮಾಡಿದರು. ನಾನೂ ಮಾಡಿದೆ.

ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ಶಕವರ್ಷಕ್ಕೆ 78 ಕೂಡಿಸುವ ಕಡೆ 68 ಕೂಡಿಸಿದ್ದೆ. ಹತ್ತು ವರ್ಷ ಹಿಂದಕ್ಕೆ ಹೋಗಿತ್ತು ಕೆರೆ, ಮಗನ ಕಾಲದಿಂದ ಅಪ್ಪನ ಕಾಲಕ್ಕೆ. ಶಾಸನದಲ್ಲೇ ಸಂವತ್ಸರದ ಹೆಸರಿದೆ. ಹತ್ತು ವರ್ಷ ಆಚೀಚೆಯಾದರೆ ಅದು ಹೊಂದುವುದೇ ಇಲ್ಲ. ಖಂಡುಗ ಹಿಡಿದ ಆ ಹೆಸರಿಲ್ಲದ ಹಿರಿಯರ ಕಣ್ಣಿಗೆ ಬಿದ್ದಿದ್ದರೆ ಒಂದು ನಿಮಿಷದ ಕೆಲಸ.

ಪತ್ರಿಕೆಗೆ ಬರೆದೆ, ತಿದ್ದುಪಡಿ ಪ್ರಕಟಿಸಿ ಎಂದು. ಈ ಸಲ ಎರಡು ದಿನವೂ ಆಗಲಿಲ್ಲ, ಸಂಜೆಗೇ ಉತ್ತರ ಬಂತು: ‘ಪ್ರಿಯ ವಿದ್ವಾಂಸರೇ, ತಿದ್ದುಪಡಿ ಶುಲ್ಕ 1,500 ರೂಪಾಯಿ.’ ಕೆಳಗೆ ಕ್ಯೂಆರ್ ಕೋಡ್.

ಆ ಹುಡುಗಿಗೂ ಬರೆದೆ, ಎಲ್ಲವನ್ನೂ, ಗುರುವಾರ ರಾತ್ರಿಯಿಂದ ಹಿಡಿದು. ಅವಳ ಉತ್ತರ ಬರಲು ಹತ್ತು ದಿನ ಹಿಡಿಯಿತು. ‘ಸರ್, ಥೀಸಿಸ್ ಬೈಂಡ್ ಆಗಿ ಹೋಗಿದೆ, ಶೋಧಗಂಗಾ ಜಾಲತಾಣದಲ್ಲೂ ಏರಿಸಿದ್ದಾರೆ. ನಾಲ್ಕನೇ ಅಧ್ಯಾಯ ಪೂರ್ತಿ ನಿಂತಿರುವುದೇ ನಿಮ್ಮ ಆ ದಿನಾಂಕದ ಮೇಲೆ. ಈಗ ನಾನೇನು ಮಾಡಲಿ ಸರ್?’